ಮೈಲಪ್ಪನ ಬೀಗ

ಚಟ್ಟದ ಹಿಂಬದಿಗೆ ಹೆಗಲು ಕೊಟ್ಟಿದ್ದ ಶಿವಮೂರ್ತಿ ವಿನೋಬನಗರದ ತಿರುವಿನಲ್ಲಿ ಎಡವಿದ. ಪಕ್ಕದಲ್ಲಿದ್ದ ಟವರ್ ಕೆಲಸದ ಖಲೀಲ್, ತಾನು ಹಿಡಿಯುತ್ತೇನೆ ಅಂದ. ಶಿವಮೂರ್ತಿ ಬಿಡಲಿಲ್ಲ. ಹೆಗಲು ಖಾಲಿಯಾದರೆ ಜನರ ಮುಖ ನೋಡಬೇಕಾಗುತ್ತಿತ್ತು, ಅವನಿಗೆ ಅದೇ ಭಯ.

ಸತ್ತ ಮೈಲಪ್ಪ ಹದಿನಾರು ವರ್ಷ ಮೊಬೈಲ್ ಟವರ್ ರಿಪೇರಿ ಮಾಡಿದವನು. ಮನೆ ಬಿಡುವಾಗ ಗ್ಯಾಸ್ ಆರಿದೆಯೇ ಎಂದು ಮೂರು ಸಲ ನೋಡುತ್ತಿದ್ದ, ಹೆಂಡತಿ ಓಬವ್ವ ನಗುತ್ತಿದ್ದಳು. ಅಂಥವನು ಮೇನ್ ಸ್ವಿಚ್ಚಿಗೆ ಬೀಗ ಹಾಕದೆ ವೈರ್ ಮುಟ್ಟಿ ಸತ್ತನೆಂದು ನಿನ್ನೆಯಿಂದ ಎಲ್ಲರ ಮಾತು. ಸತ್ತವನ ಮೇಲೆ ತಪ್ಪು ಹೊರಿಸುವುದು ಸಲೀಸು, ಅವನು ಎದ್ದು ಬಂದು ಜಗಳವಾಡುವುದಿಲ್ಲ.

*

ಆನಗೋಡಿನಲ್ಲಿ ಮೂರು ಕಂಪನಿಗಳಿಗೆ ಒಂದೇ ಟವರ್, ಒಂದೇ ಜನರೇಟರ್, ಒಂದೇ ಮೇನ್ ಸ್ವಿಚ್. ಯಾವ ಕಂಪನಿಯವನು ಕೆಲಸಕ್ಕಿಳಿದರೂ ಸ್ವಿಚ್ ಆಫ್ ಮಾಡಿ, ಅದಕ್ಕೆ ತನ್ನ ಬೀಗ ಹಾಕಿ, ಕೀಲಿ ಜೇಬಿಗಿಡಬೇಕು. ಬೀಗ ಇರುವಷ್ಟು ಹೊತ್ತು ಬೇರೆ ಯಾರೂ ಕರೆಂಟ್ ಕೊಡುವಂತಿಲ್ಲ. ಒಮ್ಮೆ ಮೈಲಪ್ಪ ಕೆಲಸ ಮುಗಿಸಿ ಬೀಗ ತೆಗೆಯುವುದನ್ನೇ ಮರೆತು ಮನೆಗೆ ಹೋಗಿದ್ದ. ಮೂರೂ ಕಂಪನಿಯ ಫೋನುಗಳು ಅರ್ಧ ದಿನ ಸತ್ತುಬಿದ್ದವು. ಬೈಸಿಕೊಂಡ ಮೇಲೆ ಅವನು ಬೇರೆ ಕಂಪನಿಯ ಶಿವಮೂರ್ತಿಯ ಕೈಗೆ ಇನ್ನೊಂದು ಕೀಲಿ ಕೊಟ್ಟ.

"ನಾನು ಮರ್ತು ಹೋದ್ರೆ ನೀನೇ ತೆಗಿಯಪ್ಪ" ಅಂದಿದ್ದ.

ನಿನ್ನೆ ಮಧ್ಯಾಹ್ನ ಶಿವಮೂರ್ತಿ ಹರಿಹರದಿಂದ ಬಂದಾಗ ಬೀಗವಿತ್ತು, ಮೈಲಪ್ಪನ ಬೈಕ್ ಇರಲಿಲ್ಲ. ಮತ್ತೆ ಮರೆತನೆಂದುಕೊಂಡು ಬೀಗ ತೆಗೆದು ಸ್ವಿಚ್ ಹಾಕಿದ. ಬೈಕ್ ಪಂಕ್ಚರ್ ಅಂಗಡಿಯಲ್ಲಿತ್ತು. ಮೈಲಪ್ಪ ಕ್ಯಾಬಿನ್ನಿನ ಹಿಂದೆ ಕೂತು ವೈರ್ ಕೂಡಿಸುತ್ತಿದ್ದ.

ಕೂಗು ಕೇಳಿ ಸ್ವಿಚ್ ಆಫ್ ಮಾಡಿ ಓಡಿದ. ಆಗಲೇ ಎಲ್ಲ ಮುಗಿದಿತ್ತು. ಜನ ಸೇರುವ ಮೊದಲು ಬೀಗವನ್ನು ಜೇಬಿಗೆ ಸೇರಿಸಿದ. ಸಂಜೆ ಹರಿಹರದ ಸೇತುವೆಯ ಮೇಲಿಂದ ಅದನ್ನು ಹೊಳೆಗೆ ಎಸೆದ. ರಾತ್ರಿಯೆಲ್ಲ ಫೋನ್ ಹೊಡೆದುಕೊಂಡಾಗಲೆಲ್ಲ ಪೊಲೀಸರೇ ಅನ್ನಿಸಿತು.

*

ಮೈಲಪ್ಪನನ್ನು ಗುಂಡಿಗೆ ಇಳಿಸಿದರು. ಅವನ ಕಂಪನಿಯ ವಿಜಯಕುಮಾರ್, ಬೀಗ ಹಾಕಿರಲಿಲ್ಲವೆಂದು ರಿಪೋರ್ಟ್ ಹೋಗಿದೆ ಎಂದು ಓಬವ್ವನಿಗೆ ಮೆಲ್ಲಗೆ ತಿಳಿಸಿದ. ಜನ ಮಣ್ಣು ಹಾಕಲು ಬಗ್ಗಿದರು. ಓಬವ್ವ ಮಾತ್ರ ನೇರ ಶಿವಮೂರ್ತಿಯ ಹತ್ತಿರ ಬಂದು ಕೈ ಹಿಡಿದಳು.

"ಮೊದ್ಲು ನೋಡ್ದೋನು ನೀನಂತೆ. ನಿಜ ಹೇಳಪ್ಪ, ನಿಮ್ಮಣ್ಣ ಬೀಗ ಹಾಕಿದ್ರಾ ಇಲ್ವಾ?"

ಇಲ್ಲ ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಜೈಲು ಕಣ್ಣಿಗೆ ಕಟ್ಟಿತು, ಮನೆಯಲ್ಲಿದ್ದ ಎಳೆ ಕೂಸು ಕಾಣಿಸಿತು.

"ಹಾಕಿದ್ರಕ್ಕ" ಅಂದ. "ತೆಗ್ದಿದ್ದು ನಾನು."

ಓಬವ್ವ ಹಿಡಿದ ಕೈ ಬಿಡಲಿಲ್ಲ. ಗುಂಡಿಯ ಸುತ್ತ ಎತ್ತಿದ ಮುಷ್ಟಿಗಳು ಎತ್ತಿದಲ್ಲೇ ನಿಂತವು, ಬೆರಳ ಸಂದಿಯಿಂದ ಮಣ್ಣು ಸುಮ್ಮನೆ ಉದುರುತ್ತಿತ್ತು.