ಕೆಂಪಿಯ ಹಾಲು

ದಂಡಿನ ಸಾಹೇಬರು ಬಂದು ಝಾಂಡಾ ಊರಿದ್ದೇ ತಡ, ಇನ್ನೂರು ವರ್ಷದ ಆ ಹೊಲದ ಮನೆಯಲ್ಲಿ ಮನೆಯೊಡತಿಗೆ ಉಳಿದದ್ದು ಅಡುಗೆಮನೆ ಮತ್ತು ಕೊಟ್ಟಿಗೆ, ಅಷ್ಟೇ. ಪಡಸಾಲೆಯ ತುಂಬ ನಕ್ಷೆಗಳು, ಅತ್ತೆಯ ಮಂಚದ ಮೇಲೆ ಕೆಸರಿನ ಬೂಟು. ತನ್ನದೇ ಬಾವಿಗೆ ಹೋಗಲು ಕಾವಲಿನವನ ಅಪ್ಪಣೆ ಬೇಕು. ಇವರ ದರ್ಬಾರಿಗಿಷ್ಟು ಬೆಂಕಿ ಬೀಳಲಿ!

ಅದನ್ನಾದರೂ ಹಲ್ಲು ಕಚ್ಚಿ ಸಹಿಸಬಹುದಿತ್ತು. ಆದರೆ ಕೊಟ್ಟಿಗೆಯ ಅಟ್ಟದಲ್ಲಿ, ಹುಲ್ಲಿನ ಹಿಂದೆ, ಅವಳ ಗಂಡನಿದ್ದ. ಇದೇ ಸಾಹೇಬರ ವಿರುದ್ಧ ಹೋರಾಡಿ ಕಾಲಿಗೆ ಗುಂಡು ತಿಂದು ಬಂದವನು. ಅವನು ಸತ್ತು ಏಳು ತಿಂಗಳಾಯಿತೆಂದು ಅವಳು ಎಲ್ಲರನ್ನೂ ನಂಬಿಸಿದ್ದಳು. ಗಾಯ ಒಣಗುತ್ತಾ ಬಂದಿತ್ತು. ಇನ್ನೈದು ದಿನಕ್ಕೆ ಅವಳ ಅಣ್ಣ ಹುಲ್ಲಿನ ಗಾಡಿಯಲ್ಲಿ ಅಡಗಿಸಿ ಅವನನ್ನು ಹೊಳೆ ದಾಟಿಸುವುದೆಂದು ಮಾತಾಗಿತ್ತು.

ಅಡ್ಡ ಬಂದದ್ದು ಹಸು. ಹೊಸದಾಗಿ ಕರು ಹಾಕಿದ ಕೆಂಪಿ, ಗಂಡನ ಕೈಗಲ್ಲದೆ ಇನ್ನಾರಿಗೂ ಹಾಲಿಳಿಸದ ಮೊಂಡು ಪ್ರಾಣಿ. ಇವಳು ಕುಳಿತರೆ ಚೊಂಬು ಹಾರುತ್ತಿತ್ತು.

"ಚಹಾಕ್ಕೆ ಹಾಲಿಲ್ಲ," ಎಂದ ಕ್ಯಾಪ್ಟನ್. ಅಡುಗೆಯವನ ಜೊತೆ ಹರಟಿ ಹರಟಿ ನಮ್ಮ ಮಾತು ಕಲಿತಿದ್ದ. "ನಾಳೇನೂ ಇಲ್ಲ ಅಂದ್ರೆ ಹಸು ಕಡಿಸಿ, ಕೊಟ್ಟಿಗೇಲಿ ಕುದುರೆ ಕಟ್ತೀನಿ. ನಾನೇ ಬಂದು ನೋಡ್ತೀನಿ."

ಕುದುರೆಗಳು ಬಂದರೆ ಅಟ್ಟದ ಹುಲ್ಲು ಎರಡೇ ದಿನಕ್ಕೆ ಖಾಲಿ.

ಬೆಳಿಗ್ಗೆ ಕ್ಯಾಪ್ಟನ್ ಬರುವ ಮೊದಲು ಗಂಡ ತೊಟ್ಟ ಅಂಗಿಯನ್ನು ಬಿಚ್ಚಿ ಕೆಳಗೆಸೆದ. ಅದನ್ನೇ ಹಾಕಿಕೊಂಡು ಅವಳು ಕೆಚ್ಚಲಿಗೆ ಕೈಹಚ್ಚಿದಳು. ಕೆಂಪಿ ತೋಳು ಮೂಸಿತು, ನೆಕ್ಕಿತು, ಸುಮ್ಮನೆ ನಿಂತಿತು. ಕ್ಯಾಪ್ಟನ್ ನೋಡುತ್ತಿದ್ದಂತೆ ಚೊಂಬು ತುಂಬಿ ನೊರೆಯುಕ್ಕಿತು. ಗೆದ್ದೆ ಎಂದು ಹಿಗ್ಗಿದಳು, ಪಾಪ.

"ಅಪ್ಪ ಊರಲ್ಲಿಲ್ಲದಾಗ ನಮ್ಮಮ್ಮಾನೂ ಹೀಗೇ, ಅವರ ಕೋಟು ಹಾಕ್ಕೊಂಡು ಹಾಲು ಕರೀತಿದ್ರು," ಎಂದ ಕ್ಯಾಪ್ಟನ್. "ಮೂರನೇ ದಿನಕ್ಕೆ ವಾಸನೆ ಹೋಗಿ ಹಸು ಒದೀತಿತ್ತು. ನಿನ್ನ ಗಂಡ ಸತ್ತು ಏಳು ತಿಂಗಳು ಅಂದಿದ್ದೆ, ಅಲ್ವಾ?"

ಅಂಗಿಯ ಕಂಕುಳು ಇನ್ನೂ ಬೆವರಿಗೆ ಒದ್ದೆಯಾಗಿತ್ತು. ಅವಳು ಅವನ ಕಾಲಿಗೆ ಬಿದ್ದಳು.

"ಏಳಮ್ಮ. ನಾನು ಯಾರನ್ನೂ ನೋಡಿಲ್ಲ. ಕೈದಿ ಕಾಯೋಕೆ ನನ್ನ ಹತ್ರ ಜನ ಸಾಲದು, ನೀನೇ ಕಾಯಿ. ದಿನಾ ಚೊಂಬು ತುಂಬ ಹಾಲು ಬರ್ಲಿ. ಹಾಲು ನಿಂತ ದಿನ ಅವನು ಓಡಿಹೋದ ಅಂತ ತಿಳ್ಕೋತೀನಿ. ಆವತ್ತು ನಿನ್ನನ್ನ ಗೋಡೆಗೆ ನಿಲ್ಲಿಸಿ ಗುಂಡು ಹಾರಿಸ್ತೀನಿ."

ಚೊಂಬು ಎತ್ತಿಕೊಂಡು ಹೋದ.

ಹೇಳಿದ ದಿನ ಅಣ್ಣನ ಗಾಡಿ ಬಂತು. ಕ್ಯಾಪ್ಟನ್ ಹೇಳಿದ್ದನ್ನೆಲ್ಲ ಅಟ್ಟದಿಂದಲೇ ಕೇಳಿಸಿಕೊಂಡಿದ್ದ ಗಂಡ, ಗಾಡಿಯ ಸದ್ದಿಗೆ ಏಣಿಯ ಮೇಲ್ತುದಿಗೆ ಬಂದ.

"ನೀನೂ ಬಾರೇ."

"ಇಬ್ಬರಿಗೆ ಎಲ್ಲಿದೆ ಜಾಗ? ಬಾವಿ ದಾಟೋಕೇ ಬಿಡಲ್ಲ ರೀ ನನ್ನ."

ಅವನು ಗಾಡಿಯನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಹಾಗಾದ್ರೆ... ನಾನು ಹೋಗ್ಲಾ?"

ಕೇಳಿಯೇಬಿಟ್ಟನಲ್ಲ! ಅವಳು ಏಣಿಯನ್ನು ಎಳೆದು ಹೆಗಲಿಗೇರಿಸಿಕೊಂಡು ಅಡುಗೆಮನೆಗೆ ಒಯ್ದಳು.