ಗಂಟೆಗೆ ಹತ್ತು ನಿಮಿಷ

ಈ ಪಾದಗಳು ಯಾರವೆಂದು ತಿಳಿಯಲಿಲ್ಲ. ಹಿಮ್ಮಡಿ ಒಡೆದಿತ್ತು. ಬೆರಳ ಸಂದಿಯಲ್ಲಿ ಕೆಮ್ಮಣ್ಣು ಒಣಗಿತ್ತು. ಕಾಲುಂಗುರ ಇದ್ದ ಜಾಗ ಮಾತ್ರ ತೆಳ್ಳಗೆ, ಬೆಳ್ಳಗೆ ಉಳಿದಿತ್ತು. ಅವುಗಳ ಪಕ್ಕಕ್ಕೆ ಅಗಲವಾದ ಗಂಡಸಿನ ಪಾದಗಳು ಬಂದು ನಿಂತವು.

"ಏನ್ಲಾ ಶಂಕ್ರ, ನೆಲದಲ್ಲಿ ಏನ್ ಕಳ್ಕಂಡಿದ್ದೀಯ?"

ನಾಗರಾಜುವಿನ ದನಿ. ಬಿಂಡಿಗನವಿಲೆಯ ದೊಡ್ಡವ್ವನ ಮಗ. ಹಾಗಾದರೆ ಒಡೆದ ಹಿಮ್ಮಡಿ ದೊಡ್ಡವ್ವನದೇ. ಚಿಕ್ಕಬೋರಮ್ಮ, ಅವನ ತಾಯಿಯ ಅಕ್ಕ.

"ಬಾ ನಾಗಣ್ಣ. ದೊಡ್ಡವ್ವ, ಕೂತ್ಕೊ," ಎಂದ ಶಿವಶಂಕರ್, ನೆಲಕ್ಕೆ.

ಅವನು ಮಂಚದ ಮೇಲೆ ಬೋರಲು ಮಲಗಿದ್ದ. ಮಂಚದ ತುದಿಯಿಂದ ಒಂದು ಗೇಣು ಬಿಟ್ಟು ಸ್ಟೂಲು, ಸ್ಟೂಲಿನ ಅಂಚಿಗೆ ಹಳೆಯ ಸೀರೆ ಸುತ್ತಿ ಹೆಂಡತಿ ಅನು ಕಟ್ಟಿಕೊಟ್ಟ ಸಿಂಬೆ, ಸಿಂಬೆಯ ಮೇಲೆ ಅವನ ಹಣೆ. ಉಳಿದ ಮುಖ ಆ ಸಂದಿಯಲ್ಲಿ ತೂಗುತ್ತಿತ್ತು. ಬಾಬುರಾಯನಕೊಪ್ಪಲಿನ ಈ ಮನೆಯ ಬಿಳಿ ಟೈಲ್ಸನ್ನು ಹನ್ನೊಂದು ವರ್ಷದಲ್ಲಿ ಅವನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಇದು ಆರನೆಯ ದಿನ. ಇನ್ನು ನಾಲ್ಕು ದಿನ ಹೀಗೆಯೇ.

ಪಾಂಡವಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಮಾಡುತ್ತಿದ್ದಾಗ ಬಲಗಣ್ಣಿನ ಕೆಳಗಿನಿಂದ ಕಪ್ಪು ತೆರೆ ಏಳತೊಡಗಿತ್ತು. ಗಂಟೆ ಹೊಡೆಯುವ ಹೊತ್ತಿಗೆ ಮುಂದಿನ ಬೆಂಚುಗಳು ಅದರಲ್ಲಿ ಮುಳುಗಿದ್ದವು. ಮೈಸೂರಿನ ಡಾಕ್ಟರು ಗಡಿಯಾರದ ಚಿತ್ರ ಬರೆದು ತೋರಿಸಿದರು. ಹತ್ತು ಗಂಟೆಯ ಜಾಗದಿಂದ ಎರಡು ಗಂಟೆಯ ಜಾಗದವರೆಗೆ ರೆಟಿನಾ, ಕಣ್ಣಿನ ಒಳಪರದೆ, ಹರಿದು ಒದ್ದೆ ಬಟ್ಟೆಯಂತೆ ಮಡಿಚಿಕೊಂಡಿದೆ. ಏಟು ಬಿದ್ದಿತ್ತೆ? ಇಲ್ಲ. ದಪ್ಪ ಕನ್ನಡಕವೆ? ಇಲ್ಲ. ಕೆಲವರಿಗೆ ಕಾರಣವಿಲ್ಲದೆಯೂ ಹರಿಯುತ್ತದೆ ಎಂದರು. ಭಾರದ ದ್ರವ ತುಂಬಿ ಮಡಿಕೆ ಬಿಡಿಸಿದರು, ಅಂಚಿಗೆ ಲೇಸರ್ ಹಾಕಿದರು, ಕೊನೆಗೆ ಆ ದ್ರವ ತೆಗೆದು ಸಿಲಿಕೋನ್ ಎಣ್ಣೆ ತುಂಬಿದರು. ಎಣ್ಣೆ ಮೇಲಕ್ಕೆ ತೇಲಿ ಪರದೆಯನ್ನು ಒತ್ತಿ ಹಿಡಿಯಬೇಕು. ಅದಕ್ಕೆ ಮುಖ ನೆಲದ ಕಡೆಗೇ ಇರಬೇಕು.

ಗಂಟೆಗೆ ಹತ್ತು ನಿಮಿಷ ತಲೆ ಎತ್ತಬಹುದು ಎಂದೂ ಹೇಳಿದ್ದರು. ಆಗ ಅನು ಔಷಧಿ ತರಲು ಹೋಗಿದ್ದಳು.

ಅದನ್ನು ಅವನು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಮೊದಲ ದಿನ ಕೇಳಿಕೊಂಡಿದ್ದ. ಎರಡನೆಯ ದಿನ ಕೇಳಿಕೊಳ್ಳಲಿಲ್ಲ. ಸಹೋದ್ಯೋಗಿಗಳು ಬಂದರು, ನೆಂಟರು ಬಂದರು, ಎಲ್ಲರ ಕನಿಕರವೂ ಅವನ ಬೆನ್ನಿನ ಮೇಲೆ ಬಿದ್ದು ಹೋಯಿತು. ಉತ್ತರವಾಗಿ ಮುಖದಲ್ಲಿ ಏನನ್ನೂ ಮೂಡಿಸಬೇಕಾಗಿರಲಿಲ್ಲ. ತನ್ನ ಪಾಲಿನ ಹತ್ತು ನಿಮಿಷವನ್ನು ಅವನು ಬಚ್ಚಲ ಚಿಲಕ ಹಾಕಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕಳೆಯುತ್ತಿದ್ದ.

"ಎಲ್ಲಿ, ಮಕ ತೋರ್ಸಪ್ಪ," ಎಂದಳು ದೊಡ್ಡವ್ವ.

"ಎತ್ತೋ ಹಾಗಿಲ್ಲ ದೊಡ್ಡವ್ವ. ಡಾಕ್ಟ್ರು ಹೇಳಿದ್ದಾರೆ."

"ಒಂದ್ ಗಳಿಗೆ?"

"ಒಂದು ಗಳಿಗೆಯೂ ಇಲ್ಲ."

"ಬೆನ್ ನೋಡಕ್ಕೆ ಎಲ್ಡು ಬಸ್ಸು ಅತ್ತಿ ಬಂದ್ನಾ ನಾನು?"

"ಬುಡವ್ವ," ಎಂದ ನಾಗರಾಜು. "ಎತ್ಬುಟ್ರೆ ಕಣ್ಣೇ ಓಯ್ತದಂತೆ. ಆಮ್ಯಾಕೆ ನೀನು ಕಣ್ ತಂದ್ಕೊಡ್ತೀಯ?"

"ನನ್ ಕಣ್ಣೂ ಓಯ್ತಾ ಅದೆ ಕಣ್ಲಾ. ಪೊರೆ ಬಂದು ಬರೀ ನೆಳ್ಳು. ಇನ್ನೊಂದ್ ಸತಿ ಬಂದ್ರೆ ಇಷ್ಟೂ ಕಾಣಕ್ಕಿಲ್ಲ. ಅದ್ಕೇ ಬಂದಿವ್ನಿ."

ಅಡುಗೆಮನೆಯಿಂದ ಅನುವಿನ ಪಾದಗಳು ಬಂದವು. ಕಾಫಿ ಲೋಟ ಇಟ್ಟ ಸದ್ದಾಯಿತು. ಪಾದಗಳು ಹೋಗಲಿಲ್ಲ. ಹೆಬ್ಬೆರಳು ಒಮ್ಮೆ ಮೇಲೆದ್ದು ಇಳಿಯಿತು. ಅವಳೇನೋ ಹೇಳಬಹುದೆಂದು ಅವನು ಕಾದ.

"ನಿಮ್ಮವ್ವ ಸತ್ತಾಗ ನಾಕ್ ಗಂಟೆ ಎತ್ತಕ್ಕೆ ಬುಡ್ನಿಲ್ಲ ನಾನು," ಎಂದಳು ದೊಡ್ಡವ್ವ. "ನನ್ ಮಗ ಶಂಕ್ರ ಬರಗಂಟ ಮುಟ್ಬ್ಯಾಡಿ ಅಂದೆ. ಊರೋರು ಬಯ್ದ್ರು. ಮಕ ನೋಡ್ದೆ ಕಳ್ಸಕ್ಕಾಯ್ತದಾ?"

ಅವನಿಗೆ ನೆನಪಿತ್ತು. ಮೌಲ್ಯಮಾಪನ ಮುಗಿಸಿ ಮೈಸೂರಿನಿಂದ ತಲುಪಿದಾಗ ಸಂಜೆ ಐದೂವರೆ. ಈ ದೊಡ್ಡವ್ವನೇ ಜನರನ್ನು ಸರಿಸಿ, ಮುಖದ ಮೇಲಿನ ಬಟ್ಟೆ ತೆಗೆದು, "ನೋಡ್ಕೊ ಮಗ" ಎಂದಿದ್ದಳು. ಅವನು ನೋಡಿದ್ದು ಕಾಲುಗಳನ್ನು. ಹೆಬ್ಬೆರಳು ಎರಡನ್ನೂ ಸೇರಿಸಿ ದಾರದಲ್ಲಿ ಕಟ್ಟಿದ್ದರು. ಗಂಟು ಸಡಿಲವಾಗಿತ್ತು. ಎಲ್ಲರೂ ಅವನು ಮುಖ ನೋಡಿದನೆಂದೇ ತಿಳಿದು ಹೆಣ ಎತ್ತಿದರು.

ಈಗ ತಲೆ ಎತ್ತಿದರೆ ಆಯಿತು. ಕೊನೆಯ ಸಲ ಬಚ್ಚಲಿಗೆ ಹೋಗಿ ಗಂಟೆಯಾಗುತ್ತ ಬಂದಿತ್ತು. ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ. ಅವನು ಕುತ್ತಿಗೆಯನ್ನು ಬಿಗಿಹಿಡಿದ. ಹಣೆ ಸಿಂಬೆಗೆ ಇನ್ನಷ್ಟು ಒತ್ತಿಕೊಂಡಿತು.

"ಆಗಲ್ಲ ದೊಡ್ಡವ್ವ."

"ಸರಿ ಬುಡು. ನೀನ್ ಏಳಕ್ಕಾಗ್ದಿದ್ರೆ ನಾನ್ ಇಳೀತೀನಿ."

"ಏಯ್, ಸೊಂಟ ಇಡ್ಕತದೆ ಕಣವ್ವ," ಎಂದ ನಾಗರಾಜು.

ಮೊದಲು ಮೊಣಕಾಲು ಬಂತು, ಆಮೇಲೆ ಅಂಗೈ. ದೊಡ್ಡವ್ವ ನರಳುತ್ತ ಅಂಗಾತ ಮಲಗಿ, ಮಂಚಕ್ಕೂ ಸ್ಟೂಲಿಗೂ ನಡುವಿನ ಸಂದಿಗೆ ತಲೆ ತೂರಿಸಿದಳು. ಮುಖ ಅವನ ಮುಖದ ಕೆಳಗೆ ಬಂತು, ತಲೆಕೆಳಗಾಗಿ. ಹಣೆ ಇರಬೇಕಾದಲ್ಲಿ ಗದ್ದ. ಬಾಯಿಯ ಕೆಳಗೆ ಬೂದು ಕಟ್ಟಿದ ಎರಡು ಕಣ್ಣು. ಹರಳೆಣ್ಣೆಯ ವಾಸನೆ. ಅವನ ತಾಯಿಯದೇ ಮೂಗು.

ಅವನು ಸರಿಯಿದ್ದ ಎಡಗಣ್ಣನ್ನು ಮುಚ್ಚಿಕೊಂಡ.

ಬಲಗಣ್ಣಿನ ಎಣ್ಣೆಯಲ್ಲಿ ಕಂದು ಬಣ್ಣದ ಏನೋ ಒಂದು ಕದಲುತ್ತಿತ್ತು. ಅಷ್ಟನ್ನು ನೋಡಬಹುದಿತ್ತು.

"ಕಾಣ್ತೀನಾ ಮಗ?"

"ಕಾಣ್ತೀಯ."

ಅವಳ ಬೆರಳುಗಳು ಮೇಲೆ ಬಂದು ಅವನ ಕೆನ್ನೆ, ಮೂಗು, ತುಟಿ ತಡವಿದವು. ಆರು ದಿನದ ಗಡ್ಡದ ಮೇಲೆ ತಡೆದವು. ಆಪರೇಷನ್ ಆದ ಕಣ್ಣಿನಿಂದ ದಿನವಿಡೀ ಸೋರುವ ನೀರು ಮೂಗಿನ ತುದಿಗೆ ಇಳಿದು ತೊಟ್ಟಿಕ್ಕಿತು.

"ಅಳ್ಬ್ಯಾಡ ಕಣಪ್ಪ," ಎಂದಳು ದೊಡ್ಡವ್ವ. "ನೋಡ್ಲಾ ನಾಗ, ನನ್ ಕಂದ ಅಳ್ತಾ ಅವ್ನೆ."

ಅವನು ಅದನ್ನು ತಿದ್ದಲಿಲ್ಲ.

ಅವಳನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ನಾಗಮಂಗಲದ ಬಸ್ಸಿಗೆ ಹೊತ್ತಾಗಿತ್ತು. ಒಡೆದ ಹಿಮ್ಮಡಿಗಳು ಹೊಸ್ತಿಲ ಕಡೆ ನಡೆದವು. ಹೋಗುವಾಗ ಅವು ಹಗುರವಾಗಿದ್ದಂತೆ ತೋರಿತು.

ಬಾಗಿಲು ಮುಚ್ಚಿತು. ಅನುವಿನ ಪಾದಗಳು ಹಿಂತಿರುಗಿ ಸಂದಿಯ ಪಕ್ಕದಲ್ಲಿ ನಿಂತವು.

"ಗಂಟೆ ಆಯ್ತು," ಎಂದಳು.

"ಯಾವ ಗಂಟೆ?"

"ನಿಮ್ಮ ಹತ್ತು ನಿಮಿಷ."

ಅವನ ಕೈ ಸ್ಟೂಲಿನ ಕಾಲನ್ನು ಹಿಡಿಯಿತು.

"ಯಾವಾಗಿಂದ ಗೊತ್ತು?"

"ಮೊದಲ ದಿನದಿಂದ. ಡಿಸ್ಚಾರ್ಜ್ ಕಾಗದದಲ್ಲಿದೆ. ನನಗೂ ಓದಕ್ಕೆ ಬರುತ್ತೆ."

"ಹೇಳಲಿಲ್ಲ."

"ನೀವೂ ಹೇಳಲಿಲ್ಲ. ಮುಖ ನೋಡದೆ ಇರೋದು ನನಗೂ ಅನುಕೂಲವಾಗಿತ್ತು," ಎಂದಳು.

ದೊಡ್ಡವ್ವನ ತಲೆಯಿದ್ದ ಜಾಗದಲ್ಲಿ, ಬಿಳಿ ಟೈಲ್ಸಿನ ಮೇಲೆ, ಹರಳೆಣ್ಣೆಯ ದುಂಡನೆಯ ಗುರುತು ಉಳಿದಿತ್ತು. ಅನು ಒರೆಸುವ ಬಟ್ಟೆಯನ್ನು ಕೆಳಗೆ ಹಾಕಿ ಕಾಲಿನಿಂದ ಉಜ್ಜಿದಳು. ಎಣ್ಣೆ ಹೋಗಲಿಲ್ಲ. ಹರಡಿತು. ಉಜ್ಜಿದಷ್ಟೂ ಅಗಲವಾಗಿ, ತೆಳ್ಳಗಾಗಿ, ಅವನ ನೋಟ ಹೋಗುವಷ್ಟು ದೂರ ಮಿನುಗಿತು. ಅದರೊಳಗೆ ಮುಖದಂಥದ್ದೊಂದು ಕಂದಾಗಿ ಕದಲಿತು. ಕಣ್ಣೆಲ್ಲಿ, ಬಾಯೆಲ್ಲಿ ಎಂದು ತಿಳಿಯಲಿಲ್ಲ.

"ಎಂಟು ನಿಮಿಷ ಉಳೀತು," ಎಂದಳು ಅನು.

ಅವಳ ಪಾದಗಳು ಅಲ್ಲೇ ನಿಂತಿದ್ದವು.