ಪೇಟಿ ಮಾಸ್ತರರ ಬಾಯಿಗೆ ಬಾರದ ಮಾತು

ನಮ್ಮ ಕಡೆ ನಾಟಕ ಕಲಿಸುವ ಮಾಸ್ತರನಿಗೆ ಮರ್ಯಾದೆಗೇನೂ ಕಡಿಮೆಯಿಲ್ಲ. ಊರವರು ತಟ್ಟೆಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಮನೆ ಬಾಗಿಲಿಗೆ ಬರುತ್ತಾರೆ. ತಾಲೀಮು ನಡೆಯುವಷ್ಟು ದಿನ ಊರವರದೇ ಊಟ. ನಾಟಕದ ದಿನ ಸ್ಟೇಜಿಗೆ ಕರೆದು ಶಾಲು ಹೊದಿಸಿ ಮೈಕಿನಲ್ಲಿ ಬಾಯ್ತುಂಬ ಹೊಗಳುತ್ತಾರೆ. ಬೆಳಗಾದರೆ ಅದೇ ಮಾಸ್ತರ ಬಸ್ ಚಾರ್ಜಿಗಾಗಿ ಜೇಬು ತಡಕಾಡುತ್ತಾ ನಿಂತಿರುತ್ತಾನೆ.

ಹೂವಿನಹಡಗಲಿಯ ಹುಲುಗಪ್ಪ ಮಾಸ್ತರರ ಬದುಕು ಹೀಗೇ ನಡೆದಿತ್ತು. ಹಾರ್ಮೋನಿಯಂಗೆ ನಮ್ಮ ಮಂದಿ ಪೇಟಿ ಅನ್ನುತ್ತಾರಲ್ಲ, ಅದು ಅವರ ಬೆರಳಿಗೆ ಸಿಕ್ಕರೆ ಮಾತಾಡುತ್ತಿತ್ತು. ಎತ್ತಿನ ಹಿಂದೆ ಹೋಗುವವನನ್ನು ಎರಡು ತಿಂಗಳಲ್ಲಿ ರಾಜನ ಪಾತ್ರಕ್ಕೆ ತಯಾರು ಮಾಡುತ್ತಿದ್ದರು. ಆದರೆ "ನಿಮ್ಮದು ಎಷ್ಟಾತ್ರಿ?" ಎಂದು ಯಾರಾದರೂ ಕೇಳಿದರೆ ಸಾಕು, ನೆಲ ನೋಡುತ್ತಾ "ನಿಮಗ ತಿಳಿದಷ್ಟು ಕೊಡ್ರಿ" ಎನ್ನುತ್ತಿದ್ದರು. ವಿದ್ಯೆಗೆ ಬೆಲೆ ಕಟ್ಟಬಾರದೆಂದು ಅವರ ಗುರುಗಳು ಹೇಳಿದ್ದರಂತೆ. ಗುರುಗಳಿಗೆ ನೀರಾವರಿ ಹೊಲವಿತ್ತು. ಹುಲುಗಪ್ಪನವರಿಗೆ ಪೇಟಿಯೊಂದೇ ಇತ್ತು.

ಮನೆ ನಡೆಯುತ್ತಿದ್ದದ್ದು ಹೆಂಡತಿ ಜೋಗಮ್ಮನಿಂದ. ಆಕೆ ವ್ಯಾಪಾರಸ್ಥರಿಗೆ ಮಲ್ಲಿಗೆ ಮಾಲೆ ಕಟ್ಟಿಕೊಡುತ್ತಿದ್ದಳು. ಮನೆಯಲ್ಲಿ ಶಾಲುಗಳಿಗಂತೂ ಬರವಿರಲಿಲ್ಲ. ಜೋಳದ ಗಡಿಗೆಯೂ ಒಂದು ಶಾಲು ಹೊದ್ದಿತ್ತು.

"ಗಡಿಗಿಗೆ ಶಾಲು ಹೊಚ್ಚೀನಿ. ಒಳಗ ಜ್ವಾಳ ಯಾರು ಹಾಕ್ತಾರ?" ಎಂದು ಅವಳು ಕೇಳಿದರೆ ಮಾಸ್ತರರು ಪೇಟಿಯ ಧೂಳು ಒರೆಸತೊಡಗುತ್ತಿದ್ದರು.

ಎರಡು ಸಾವಿರದ ನಾಲ್ಕನೇ ಇಸವಿಯ ಚಳಿಗಾಲಕ್ಕೆ ನಾಟಕದ ಕಸುಬೇ ಮುಗಿಯುವ ಹಂತಕ್ಕೆ ಬಂತು. ಜೋಗಮ್ಮನ ಅಣ್ಣ ಹೊಸಪೇಟೆಯ ಗಿರಣಿಯೊಂದರಲ್ಲಿ ಮಾಸ್ತರರಿಗೆ ರಾತ್ರಿ ಕಾವಲಿನ ಕೆಲಸ ನೋಡಿಟ್ಟ. ರಾತ್ರಿ ಕಾವಲು ಕಾಯುವವನು ತಾಲೀಮಿಗೆ ಹೋಗುವುದು ಯಾವಾಗ? ಕೊಟ್ಟೂರಿನ ಭಜನೆಯವರು ಸೋಮವಾರ ಬಂದು ದುಡ್ಡು ಕೊಟ್ಟು ಪೇಟಿ ಒಯ್ಯುವುದೆಂದೂ ಮಾತಾಯಿತು. ಮಾಸ್ತರರು ಹೂಂ ಅಂದರು. ಅಂದ ಮೇಲೆ ಅವರಿಗೆ ಊಟವೇ ಸೇರಲಿಲ್ಲ.

ಆ ವಾರವೇ ಗೆಳೆಯ ಜಂಬಣ್ಣ ಮನೆಗೆ ಬಂದ. ಅಂಗಡಿ ಬೋರ್ಡು, ನಾಟಕದ ಪರದೆ ಬರೆಯುವ ಪೇಂಟರ್ ಅವನು.

"ಹುಲುಗ್ಯಾ, ನಾಳಿಯಿಂದ ಇಲ್ಲೇ ಹಡಗಲಿಯಾಗ ಮೂರು ದಿನ ತರಬೇತಿ ಐತಿ. ಬೋರ್ಡು ಬರಿಯೋರು, ಹಾಡೋರು, ಫೋಟೋ ತೆಗಿಯೋರು, ಕಸೂತಿ ಹಾಕೋರು, ಎಲ್ಲಾ ಸ್ವಂತ ಕಸುಬಿನೋರಿಗೆ ಯಾಪಾರ ಹೆಂಗ ಮಾಡಬೇಕಂತ ಹೇಳಿಕೊಡ್ತಾರ. ನಾ ಹೋದ ವರ್ಷ ಹೋಗಿದ್ದೆ. ನೀನೂ ಬಾ."

"ಯಾಪಾರ ಮಾಡಾಕ ನಾನೇನು ಬದನಿಕಾಯಿ ಮಾರ್ತೀನೇನಲೇ?"

"ಬದನಿಕಾಯಿ ಮಾರಾಕಿ ರೇಟು ಹೇಳ್ತಾಳ. ನೀ ಹೇಳಂಗಿಲ್ಲ. ಅದಕ್ಕ ಆಕಿ ಮನ್ಯಾಗ ಪೇಟಿ ಮಾರೋ ಗತಿ ಬಂದಿಲ್ಲ."

ಈ ಮಾತು ಮಾಸ್ತರರಿಗೆ ನಾಟಿತು. ಸಿಟ್ಟಿನಲ್ಲೇ ತರಬೇತಿಗೆ ಹೋದರು.

ತರಬೇತಿ ಕೊಡುತ್ತಿದ್ದ ಸುಕನ್ಯಾ ಮೇಡಂ ಭಾಷಣ ಮಾಡಲಿಲ್ಲ. ಒಬ್ಬೊಬ್ಬರನ್ನೇ ಮಾತಾಡಿಸಿದರು. "ಮಾಸ್ತರ್ರ, ಒಂದು ನಾಟಕಕ್ಕ ನಿಮಗ ಎಷ್ಟು ಖರ್ಚು ಬರತೈತಿ?"

"ನನಗೇನು ಖರ್ಚ್ರೀ? ಪೇಟಿ ನಂದು, ವಿದ್ಯೆ ನಂದು."

"ಬಸ್ಸಿಗೆ? ಪೇಟಿ ರಿಪೇರಿಗೆ? ಆ ಎರಡು ತಿಂಗಳು ಮನಿ ಯಾರು ನಡಸ್ತಾರ?"

"ನಮ್ಮಾಕಿ, ಹೂವ ಕಟ್ಟಿ."

"ಅಂದ್ರ ಆ ಊರಿನ ನಾಟಕಕ್ಕ ರೊಕ್ಕ ಹಾಕಿದೋರು ನಿಮ್ಮ ಮನಿಯವರಾದ್ರು."

ಯಾರೋ ನಕ್ಕರು. ಮಾಸ್ತರರಿಗೆ ನಗು ಬರಲಿಲ್ಲ. ಬೆಳಗಿನ ಚಳಿಯಲ್ಲಿ ಒದ್ದೆ ಮೊಗ್ಗು ಹಿಡಿದು ಕೂತ ಜೋಗಮ್ಮನ ಬೆರಳು ಕಣ್ಣ ಮುಂದೆ ಬಂತು.

ಮುಂದಿನ ಎರಡು ದಿನ ಮನಸ್ಸಿಟ್ಟು ಕಲಿತರು. ಖರ್ಚು ಹಿಡಿದು, ದುಡಿಮೆ ಹಿಡಿದು, ಅದರ ಮೇಲೆ ಒಂದಿಷ್ಟು ಉಳಿಯುವಂತೆ ಬೆಲೆ ಹಾಕಬೇಕು. ಮುಂಗಡ ತೆಗೆದುಕೊಳ್ಳಬೇಕು. ಮಾತೆಲ್ಲ ಕೆಲಸಕ್ಕೆ ಮುಂಚೆಯೇ ಆಗಬೇಕು. ಎಲ್ಲಾ ತಿಳಿಯಿತು; ಲೆಕ್ಕ ಹಾಕಿದಾಗ ಒಂದು ನಾಟಕಕ್ಕೆ ಆರು ಸಾವಿರ ಬಂತು. ಕೊನೆಗೆ ಮೇಡಂ ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಬೆಲೆಯನ್ನು ಗಟ್ಟಿಯಾಗಿ ಹೇಳಬೇಕೆಂದರು. ಸಾವಿರ ಮಂದಿಯ ಮುಂದೆ ದನಿಯೆತ್ತಿ ಹಾಡುವ ಮಾಸ್ತರರು ಎದ್ದು ನಿಂತರು, ಬೆವತರು, ಕೂತುಬಿಟ್ಟರು.

"ಮಾತು ಬರದ ನಟಗ ನೀವು ಏನು ಮಾಡಸ್ತೀರಿ?" ಎಂದು ಮೇಡಂ ಕೇಳಿದರು.

"ತಾಲೀಮು ಮಾಡಸ್ತೀನ್ರಿ."

"ಹಂಗಾರ ನೀವೂ ಮಾಡ್ರಿ."

ಅಂದು ಸಂಜೆಯೇ ಮನೆಯಲ್ಲಿ ತಾಲೀಮು ಶುರುವಾಯಿತು. ಜೋಗಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಗೌಡನಾಗಿ ಕೂತಳು, ಇಲ್ಲದ ಮೀಸೆ ತಿರುವಿದಳು.

"ಏನ್ ಮಾಸ್ತರ, ನಮ್ಮೂರಾಗ ನಾಟಕ ಕಲಸ್ತೀಯೇನು?"

"ಕಲಸ್ತೀನ್ರಿ ಗೌಡ್ರ. ಆರು ಸಾವಿರ ಆಗತೈತಿ. ಹಂಗೂ ನಿಮಗ ತಿಳಿದ್ರ..."

"ಬ್ಯಾಡ! ಆ ಬಾಲ ಕತ್ತರಿಸ್ರಿ. ಆರು ಸಾವಿರ ಅಂತ ಹೇಳಿ ಬಾಯಿ ಮುಚ್ರಿ" ಎಂದಳು ಜೋಗಮ್ಮ. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಮಾಸ್ತರರು ಮೆಲ್ಲಗೆ ಹೇಳಿದರು: "ಇಷ್ಟು ವರ್ಷ ಎಲ್ಲಾ ಊರಿನ ನಾಟಕಕ್ಕ ರೊಕ್ಕ ಹಾಕಿದಾಕಿ ನೀನ ಅಂತ. ನನಗ ತಿಳಿದಿದ್ದಿಲ್ಲ ನೋಡು."

ಜೋಗಮ್ಮ ಮುಖ ಆಚೆ ತಿರುಗಿಸಿದಳು. ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಮತ್ತೊಮ್ಮಿ ಮೊದಲಿಂದ ಹೇಳ್ರಿ" ಎಂದಳು.

ಭಾನುವಾರ ಮಾಗಳದ ನಾಟಕ ಕಮಿಟಿಯ ಹಿರಿಯ ಕೊಟ್ರಬಸಪ್ಪ ನಾಲ್ಕು ಜನರೊಂದಿಗೆ ಬಂದರು. ಕುಶಲ ಮಾತಾಡಿ, ಈ ವರ್ಷ ದೊಡ್ಡ ನಾಟಕವೊಂದನ್ನು ಆರಿಸಿದ್ದೇವೆಂದು ಹೇಳಿ, ಎಲೆಯಡಿಕೆಯ ತಟ್ಟೆ ಮುಂದಿಟ್ಟರು. ಅದನ್ನು ಮುಟ್ಟಿದರೆ ಒಪ್ಪಿಕೊಂಡ ಹಾಗೆ. ಆಮೇಲೆ ಬೆಲೆಯ ಮಾತು ತೆಗೆಯುವುದು ನಮ್ಮಲ್ಲಿ ಚೆಂದವಲ್ಲ. ಪ್ರತಿ ಸಲ ಮಾಸ್ತರರು ಎರಡೂ ಕೈ ಚಾಚುತ್ತಿದ್ದರು. ಈ ಸಲ ಕೈಯನ್ನು ತೊಡೆಯ ಮೇಲೇ ಇಟ್ಟುಕೊಂಡರು.

"ಯಜಮಾನ್ರ, ಇದನ್ನ ಹಿಡಿಯೋಕಿಂತ ಮೊದಲ ಒಂದು ಮಾತು. ನನ್ನ ಸಂಭಾವನೆ ಆರು ಸಾವಿರ. ಅರ್ಧ ತಾಲೀಮಿಗೆ ಮೊದಲ, ಅರ್ಧ ನಾಟಕದ ದಿನ ಪರದಿ ಏಳೋಕಿಂತ ಮೊದಲ."

ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ತುಟಿ ಬಿಗಿದು ತಡೆದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಒಳಗೆ ಜೋಗಮ್ಮನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

"ಸ್ವಲ್ಪ ಕಡಿಮಿ ಮಾಡ್ರಿ" ಎಂದರು ಕೊಟ್ರಬಸಪ್ಪ.

"ಸಣ್ಣ ನಾಟಕ ಆರಿಸ್ರಿ, ತಾಲೀಮು ಕಡಿಮಿ ಆಗತೈತಿ. ಅವಾಗ ಐದಕ್ಕ ಬರ್ತೀನಿ. ಇದ ನಾಟಕ ಬೇಕಂದ್ರ ಆರು."

ಕೊಟ್ರಬಸಪ್ಪ ಜೋರಾಗಿ ನಕ್ಕುಬಿಟ್ಟರು. "ಅಲ್ರೀ, ಇದನ್ನ ಮೊದಲ ಹೇಳಬಾರದಿತ್ತೇನು? ನಿಮಗ ಎಷ್ಟು ಕೊಡಬೇಕಂತ ಪ್ರತಿ ವರ್ಷ ಕಮಿಟಿಯಾಗ ಜಗಳ. ಕಡಿಮಿ ಕೊಟ್ರ ನಿಮಗ ಅವಮಾನ ಆದೀತಂತ ಅಂಜಿಕಿ. ಕಡೀಕ ಯಾರೋ ಶಾಲು ತರ್ರಿ ಅಂದುಬಿಡೋರು. ಲೈಟಿನವ ರೇಟು ಹೇಳ್ತಾನ, ಕೊಡ್ತೀವಿ. ಪರದಿಯವ ಹೇಳ್ತಾನ, ಕೊಡ್ತೀವಿ. ನೀವು ಹೇಳಲಿಲ್ಲ, ನಾವು ಕೊಡಲಿಲ್ಲ. ಆರಂದ್ರ ಆರಾಗ್ಲಿ, ಹಿಡೀರಿ ತಟ್ಟಿ."

ಮಾಸ್ತರರು ತಟ್ಟೆ ಹಿಡಿದರು. ಇಷ್ಟು ಸಲೀಸಾದ ಮಾತಿಗೆ ಇಷ್ಟು ವರ್ಷ ಹೆದರಿದೆನಲ್ಲಾ ಎಂದು ಅವರಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಸೋಮವಾರ ಕೊಟ್ಟೂರಿನ ಭಜನೆಯವರು ಪೇಟಿ ಒಯ್ಯಲು ಬಂದರು. ಬಾಗಿಲಿಗೆ ಹೋದವಳು ಜೋಗಮ್ಮ. ಗಿರಣಿಯ ಕೆಲಸ ಬೇಡವೆಂದು ಅಣ್ಣನಿಗೆ ಅವಳು ಆಗಲೇ ಹೇಳಿ ಕಳಿಸಿದ್ದಳು.

"ತಪ್ಪು ತಿಳೀಬ್ಯಾಡ್ರಿ, ಪೇಟಿ ಕೊಡಂಗಿಲ್ಲ" ಎಂದಳು. "ನುಡಿಸೋದು ಕಲೀಬೇಕಂದ್ರ ನಮ್ಮ ಮಾಸ್ತರು ಬರ್ತಾರ. ಒಳಗ ಬರ್ರಿ, ಅದಕ್ಕ ಎಷ್ಟಾಗತೈತಿ ಅಂತ ಅವರ ಹೇಳ್ತಾರ."

ಅಣ್ಣಂದಿರೇ, ಅಕ್ಕಂದಿರೇ, ನೀವು ಹಾಡುವವರಿರಬಹುದು, ಬಣ್ಣ ಬಳಿಯುವವರಿರಬಹುದು, ಸೂಜಿಯಲ್ಲಿ ಹೂವು ಅರಳಿಸುವವರಿರಬಹುದು. ನಿಮ್ಮ ಕಲೆ ದೊಡ್ಡದೇ. ಅದನ್ನು ನಂಬಿ ಕೂತ ಮನೆಯವರ ಹಸಿವೂ ಸಣ್ಣದಲ್ಲ. ನಿಮ್ಮ ತಾಲ್ಲೂಕಿನಲ್ಲಿ ಸ್ವಂತ ಕಸುಬಿನವರಿಗೆ ತರಬೇತಿ ಇದೆಯೆಂದು ಕೇಳಿದರೆ ನಾಚದೆ ಹೋಗಿ ಕೂಡಿ. ನಿಮ್ಮ ಖರ್ಚು, ನಿಮ್ಮ ದುಡಿಮೆ ಲೆಕ್ಕ ಹಾಕಿ ಬೆಲೆ ಗೊತ್ತುಮಾಡಿಕೊಳ್ಳಿ. ಕೆಲಸ ಹಿಡಿಯುವ ಮುಂಚೆ ಅದನ್ನು ಬಾಯಿಬಿಟ್ಟು ಹೇಳಿ. ಕೊಡುವವರು ಎಷ್ಟೋ ಸಲ ನೀವು ಹೇಳಲಿ ಎಂದೇ ಕಾಯುತ್ತಿರುತ್ತಾರೆ.